ಕೊಳಚೆ ನೀರಿನ ಹಣ ಪೈಪಿನ ಹಿಂದೆಯೇ ಹೋಗಿದ್ದು ಯಾಕೆ?

ಅಮೆರಿಕದಲ್ಲಿ ಸುಮಾರು ಐದರಲ್ಲಿ ಒಂದು ಮನೆಗೆ ಒಳಚರಂಡಿ ಸಂಪರ್ಕ ಇಲ್ಲ. ಆ ಮನೆಗಳ ಶೌಚದ ನೀರು ಹೋಗುವುದು ಹಿತ್ತಲಲ್ಲಿ ಹೂತ ಸೆಪ್ಟಿಕ್ ಟ್ಯಾಂಕಿಗೆ. ಪೇಟೆಯ ಶುದ್ಧೀಕರಣ ಘಟಕ ಹಳೆಯದಾದರೆ ಸರ್ಕಾರದ ಹಣ ಕೇಳಬಹುದು. ಟ್ಯಾಂಕ್ ಕೆಟ್ಟರೆ ಮಾತ್ರ ಹೆಚ್ಚಿನ ಕಡೆ ಖರ್ಚು ಮನೆಯವರದ್ದೇ. ಇದು ಒಂದೇ ದಿನದಲ್ಲಿ ಆಗಿದ್ದಲ್ಲ.

1969ರಲ್ಲಿ ಓಹಾಯೋ ರಾಜ್ಯದ ಕಯಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಕ್ಕೆ ಬೆಂಕಿ ಹತ್ತಿಕೊಂಡಿತು. ನದಿಗಳ ಸ್ಥಿತಿ ದೇಶದ ಚರ್ಚೆಯಾಯಿತು. 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂತು. ಖರ್ಚು ಜಾಸ್ತಿ ಎಂದು ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರು, ಸಂಸತ್ತು ಆ ವೀಟೋವನ್ನೇ ತಳ್ಳಿಹಾಕಿತು. ಆಮೇಲೂ ಅವರು ಹಣ ತಡೆಹಿಡಿದರು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1975ರಲ್ಲಿ ನಿಕ್ಸನ್ ಸರ್ಕಾರದ ವಾದ ಬಿದ್ದುಹೋಯಿತು.

ಆ ಕಾಯ್ದೆಯಡಿ ಘಟಕ ಕಟ್ಟುವ ಖರ್ಚಿನಲ್ಲಿ ಶೇ 75ರಷ್ಟನ್ನು ಕೇಂದ್ರವೇ ಕೊಡುತ್ತಿತ್ತು. ಸಾಲವಲ್ಲ, ಅನುದಾನ. ನದಿಗಳು ನಿಜಕ್ಕೂ ಸುಧಾರಿಸಿದವು, ಅದನ್ನು ಒಪ್ಪಲೇಬೇಕು. ಆದರೆ ಕಾಯ್ದೆಯ ಕಣ್ಣು ಇದ್ದದ್ದು ನದಿಗೆ ಬಂದು ಬೀಳುವ ಪೈಪಿನ ಮೇಲೆ. ನೆಲದೊಳಗೆ ಇಂಗುವ ಕೊಳಚೆ ಅದರ ಲೆಕ್ಕಕ್ಕೆ ಅಷ್ಟಾಗಿ ಬರಲಿಲ್ಲ. 1977ರ ತಿದ್ದುಪಡಿ ಸಣ್ಣ ಊರುಗಳಲ್ಲಿ ಒಳಚರಂಡಿಗೆ ಬದಲಿಯಾದ ವ್ಯವಸ್ಥೆಗಳಿಗೆ ಶೇ 85ರವರೆಗೆ ಅನುದಾನ ಕೊಡಲು ದಾರಿ ಮಾಡಿತು. ಒಳ್ಳೆಯ ಹೆಜ್ಜೆ, ಆದರೆ ಬಹಳ ಕಾಲ ಉಳಿಯಲಿಲ್ಲ.

1981ರಲ್ಲಿ ಕೇಂದ್ರದ ಪಾಲನ್ನು ಶೇ 55ಕ್ಕೆ ಇಳಿಸಲು ತೀರ್ಮಾನವಾಯಿತು. 1987ರಲ್ಲಿ ಅನುದಾನದ ಪದ್ಧತಿಯನ್ನೇ ಬಿಟ್ಟು, ರಾಜ್ಯಗಳಲ್ಲಿ ಆವರ್ತ ನಿಧಿ ಶುರು ಮಾಡಲು ಕಾನೂನಾಯಿತು. ಕೇಂದ್ರ ಕೊಟ್ಟ ಹಣಕ್ಕೆ ರಾಜ್ಯ ಶೇ 20ರಷ್ಟು ಸೇರಿಸಬೇಕು. ಅದರಿಂದ ಊರುಗಳಿಗೆ ಕಡಿಮೆ ಬಡ್ಡಿಯ ಸಾಲ. ತೀರಿದ ಸಾಲ ಮತ್ತೊಂದು ಊರಿಗೆ.

ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ. ಸಾಲ ತೀರಿಸಲು ಪ್ರತಿ ತಿಂಗಳು ಬಿಲ್ ಕಟ್ಟುವ ಸಾವಿರಾರು ಮನೆಗಳು ಬೇಕು. ಅರ್ಜಿಗೆ ಎಂಜಿನಿಯರ್ ಬೇಕು, ನಕ್ಷೆ ಬೇಕು. ದೂರದೂರ ಚದುರಿದ ಬಡ ಮನೆಗಳಿಗೆ ಇದೆಲ್ಲ ಎಲ್ಲಿಂದ ಬರಬೇಕು? ಯಾರಿಗೆ ಮೊದಲು ಎಂಬುದನ್ನು ಕಾಗದದ ಮೇಲೆ ರಾಜ್ಯದ ಆದ್ಯತಾ ಪಟ್ಟಿ ನಿರ್ಧರಿಸುತ್ತದೆ. ಆದರೆ ಅರ್ಜಿಯನ್ನೇ ಹಾಕಲಾಗದವರು ಆ ಪಟ್ಟಿಗೇ ಬರುವುದಿಲ್ಲ ಅಲ್ವಾ?

ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯನ್ನು, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶವನ್ನು ನೋಡಿ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಮಲ ತಳಕ್ಕೆ ಕೂರುತ್ತದೆ. ತಿಳಿನೀರು ತೂತುಗಳಿರುವ ಪೈಪುಗಳ ಮೂಲಕ ಮಣ್ಣಿಗೆ ಇಳಿಯುತ್ತದೆ, ಮಣ್ಣೇ ಅದನ್ನು ಸೋಸುತ್ತದೆ. ಲೌಂಡ್ಸ್‌ನದು ಅಂಟು ಜೇಡಿಮಣ್ಣು. ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ಕೊಳಚೆ ಅಂಗಳಕ್ಕೆ ಉಕ್ಕುತ್ತದೆ, ಕೆಲವೊಮ್ಮೆ ಬಚ್ಚಲಿನೊಳಗೇ ವಾಪಸ್ ಬರುತ್ತದೆ. ಇಂಥ ಮಣ್ಣಿಗೆ ತಕ್ಕ ವ್ಯವಸ್ಥೆ ದುಬಾರಿ. ಹಾಗಾಗಿ ಎಷ್ಟೋ ಬಡ ಮನೆಗಳು ಒಂದು ಪೈಪ್ ಹಾಕಿ ನೇರವಾಗಿ ಬಯಲಿಗೆ ಬಿಟ್ಟವು. ಅದಕ್ಕೆ ಸಹಾಯದ ಬದಲು ಕೇಸು ಬಿತ್ತು! 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಪರೀಕ್ಷಿಸಿದ 55 ಜನರಲ್ಲಿ 19 ಮಂದಿಯಲ್ಲಿ ಕೊಕ್ಕೆಹುಳುವಿನ ಕುರುಹು ಸಿಕ್ಕಿತು, ಇದು ಮಲ ಸೇರಿದ ಮಣ್ಣಿನಿಂದ ಹರಡುವ ಕರುಳಿನ ಹುಳು. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಮತ್ತು ರಾಜ್ಯದ ಆರೋಗ್ಯ ಇಲಾಖೆ ಒಪ್ಪಂದ ಮಾಡಿಕೊಂಡವು, ಕೇಸು ಹಾಕುವುದು ನಿಂತಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ಆ ಒಪ್ಪಂದವನ್ನೇ ರದ್ದು ಮಾಡಿತು.

ಬೇರೆ ಕಡೆ ಸುಧಾರಣೆಯ ಒತ್ತಡ ಬಂದಿದ್ದು ಕುಡಿಯುವ ನೀರು, ಸಮುದ್ರ ಕೆಡುತ್ತವೆ ಎಂಬ ಆತಂಕದಿಂದ. 2050ರೊಳಗೆ ಹಳೆಯ ಮಲಗುಂಡಿಗಳನ್ನೆಲ್ಲ ಬದಲಿಸಬೇಕೆಂದು ಹವಾಯಿ 2017ರಲ್ಲಿ ಕಾನೂನು ಮಾಡಿತು. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಗುಂಡಿಗಳ ಸಾರಜನಕ ಕೊಲ್ಲಿಗಳನ್ನು ಕೆಡಿಸುತ್ತಿತ್ತು. ಒಳಚರಂಡಿ, ಸೆಪ್ಟಿಕ್ ಎರಡರ ಸುಧಾರಣೆಗೂ ಮಾರಾಟ ತೆರಿಗೆ ಸ್ವಲ್ಪ ಏರಿಸಲು 2024ರಲ್ಲಿ ಅಲ್ಲಿನ ಮತದಾರರೇ ಒಪ್ಪಿದರು.

2021ರ ಮೂಲಸೌಕರ್ಯ ಕಾನೂನು ಆವರ್ತ ನಿಧಿಗೆ 1,170 ಕೋಟಿ ಡಾಲರ್ ಹೆಚ್ಚುವರಿಯಾಗಿ ಕೊಟ್ಟಿತು. ಅದರಲ್ಲಿ ಶೇ 49ರಷ್ಟು ಅನುದಾನ ಅಥವಾ ಮನ್ನಾ ಆಗುವ ಸಾಲವಾಗಿರಬೇಕು ಎಂದಿತು. ಸೆಪ್ಟಿಕ್ ರಿಪೇರಿಗೂ ಈ ನಿಧಿ ಬಳಸಬಹುದು. ಆದರೆ ಹಣ ಹರಿಯುವುದು ರಾಜ್ಯಗಳ ಅದೇ ಹಳೆಯ ಅರ್ಜಿ, ಅದೇ ಪಟ್ಟಿಗಳ ಮೂಲಕ. ಲೌಂಡ್ಸ್‌ನಂಥ ಕಡೆ ರಾಜ್ಯವೇ ಎಂಜಿನಿಯರ್ ಕಳಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಹತ್ತಾರು ಮನೆಗಳನ್ನು ಸೇರಿಸಿ ಒಂದೇ ಅರ್ಜಿ ಬರೆಸಬೇಕು. ಆ ಕೆಲಸದ ಖರ್ಚನ್ನೂ ಯೋಜನೆಯ ಹಣದಲ್ಲೇ ಮೊದಲಿಗೆ ತೆಗೆದಿಡಬೇಕು.