ಛಾಪಾ ಕಾಗದದ ಬೆನ್ನು

ಸಿವಿಲ್ ದಾವೆಯೊಂದರ ಕಡತದಲ್ಲಿ 1978ರ ಕ್ರಯಪತ್ರವೊಂದು ನಿ.ಪಿ.3 (ವಾದಿಯ ಪರವಾದ ಮೂರನೇ ನಿಶಾನೆ) ಎಂಬ ಗುರುತು ಹೊತ್ತು ಕೂತಿದೆ ಅಂದುಕೊಳ್ಳಿ. ಮುಂಬದಿಯಲ್ಲಿ ಚಕ್ಕುಬಂದಿ, ಸಹಿ, ಹೆಬ್ಬೆಟ್ಟು. ಹಿಂಬದಿಯಲ್ಲಿ ಛಾಪಾ ಕಾಗದ ಮಾರಿದವನ ಮೊಹರು, ಮಾರಿದ ತಾರೀಖು, ಕೊಂಡವನ ಹೆಸರು. ಪತ್ರ ಖೊಟ್ಟಿ ಎಂಬ ತಕರಾರು ಎದ್ದರೆ ವಕೀಲರು ತಿರುಗಿಸಿ ನೋಡುವುದು ಈ ಬೆನ್ನನ್ನೇ. ಪತ್ರ ಬರೆದ ದಿನಕ್ಕಿಂತ ಈಚೆಗೆ ಕಾಗದ ಮಾರಾಟವಾಗಿದ್ದರೆ ಪತ್ರದ ಬಣ್ಣ ಬಯಲಾಯಿತು.

ನ್ಯಾಯಾಲಯದ ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ಯಾನರ್‌ಗೆ ಇದೆಲ್ಲ ಗೊತ್ತಿಲ್ಲ. ಅದರಲ್ಲಿ 'ಖಾಲಿ ಪುಟ ಬಿಟ್ಟುಬಿಡು' ಎಂಬ ಆಯ್ಕೆ ಇರುತ್ತದೆ. ಪುಟದಲ್ಲಿ ಮಸಿಯ ಪಾಲು ಒಂದು ಮಿತಿಗಿಂತ ಕಡಿಮೆಯಿದ್ದರೆ ಅದು ಖಾಲಿ ಎಂದು ಯಂತ್ರವೇ ತೀರ್ಮಾನಿಸುತ್ತದೆ. ನಲವತ್ತು ವರ್ಷಕ್ಕೆ ಮಾಸಿದ ನೇರಳೆ ಮೊಹರು ಆ ಮಿತಿಯ ಕೆಳಗೇ ಉಳಿಯುತ್ತದೆ. ಕಡತದ ಪಿಡಿಎಫ್ ನೋಡಿದವರಿಗೆ ಏನೋ ಕಾಣೆಯಾಗಿದೆ ಎಂಬ ಸುಳಿವೂ ಸಿಗುವುದಿಲ್ಲ.

ನಮ್ಮ ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆ ಶುರುವಾದದ್ದು 2007ರಲ್ಲಿ. 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ ಹಳೆಯ ಮತ್ತು ಚಾಲ್ತಿ ಕಡತಗಳ ಸ್ಕ್ಯಾನಿಂಗ್, ಸಂರಕ್ಷಣೆಗೇ 2,038.40 ಕೋಟಿ ಮೀಸಲು. ಇಷ್ಟು ದುಡ್ಡು ಸುರಿದು ಮಾಡುವ ಕೆಲಸದ ಗುಣಮಟ್ಟ ನಿಲ್ಲುವುದು ಮಾತ್ರ ಕಡತ ಬಿಚ್ಚುವ ಮೇಜಿನ ಮೇಲೆ.

ಅಲ್ಲಿ ಮೊದಲ ನಿಯಮ, ದಾರ ಕತ್ತರಿಸುವ ಮುನ್ನ ಪ್ರತಿ ಹಾಳೆಗೂ ಪೆನ್ಸಿಲ್‌ನಲ್ಲಿ ಪುಟಸಂಖ್ಯೆ. ಇದನ್ನು ತಪ್ಪಿಸಿದರೆ ಆರ್ಡರ್ ಶೀಟಿನ ನಡುವೆ ವಕಾಲತ್ತು, ವಕಾಲತ್ತಿನ ಬೆನ್ನಿಗೆ ಸಾಕ್ಷಿ ಹೇಳಿಕೆ ಸೇರಿಕೊಳ್ಳುತ್ತವೆ. ಆಮೇಲೆ ಧೂಳು ಕೊಡವಿ, ಪಿನ್ನು ತೆಗೆದು, ಮಡಿಕೆ ಬಿಡಿಸಿ ಯಂತ್ರಕ್ಕೆ ಕೊಡಬೇಕು. ಎರಡು ಹಾಳೆ ಒಟ್ಟಿಗೆ ಒಳಗೆ ಹೋದರೆ ಶ್ರವಣಾತೀತ ಶಬ್ದದಿಂದ ಪತ್ತೆ ಹಚ್ಚುವ ಸಂವೇದಕ ಯಂತ್ರವನ್ನು ನಿಲ್ಲಿಸುತ್ತದೆ. ಆದರೆ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿದ ಹಾಳೆಯೂ ಅದಕ್ಕೆ ಎರಡು ಹಾಳೆಯಂತೆಯೇ ತೋರುತ್ತದೆ. ಹತ್ತು ಸಲ ಸುಮ್ಮಸುಮ್ಮನೆ ನಿಂತ ಮೇಲೆ, ದಿನದ ಲೆಕ್ಕ ಮುಟ್ಟಿಸಬೇಕಾದ ಆಪರೇಟರ್ ಸಂವೇದಕವನ್ನೇ ಆಫ್ ಮಾಡುತ್ತಾನೆ. ಆಮೇಲೆ ತೆಳ್ಳನೆಯ ಕಾರ್ಬನ್ ಪ್ರತಿಗಳು ಜೋಡಿಯಾಗಿ ಒಳಗೆ ಹೋದರೂ ಕೇಳುವವರಿಲ್ಲ. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನಂತೂ ಈ ಯಂತ್ರಕ್ಕೆ ಕೊಡಲೇಬಾರದು. ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರೇ ಬೇಕು.

ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ತೆಗೆದರೆ 2,480 ಅಡ್ಡ, 3,508 ಉದ್ದ, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಾದರೆ ಕುಗ್ಗಿಸುವ ಮುನ್ನ ಪುಟಕ್ಕೆ ಸುಮಾರು 26 ಎಂಬಿ. ಬರೀ ಕಪ್ಪು-ಬಿಳುಪಾದರೆ 1 ಎಂಬಿ ಚಿಲ್ಲರೆ. ಉಳಿತಾಯದ ಆಸೆ ಹುಟ್ಟುವುದು ಇಲ್ಲೇ. ಕಪ್ಪು-ಬಿಳುಪಿನಲ್ಲಿ ಮಸುಕು ಮೊಹರು ಬಿಳಿಯಾಗುತ್ತದೆ, ಹೆಬ್ಬೆಟ್ಟಿನ ಗೆರೆಗಳು ಕಪ್ಪು ಮುದ್ದೆಯಾಗುತ್ತವೆ. ನಿ.ಪಿ.3ರಂತೆ ಗುರುತು ಹಾಕಿದ ದಾಖಲೆಗಳನ್ನಾದರೂ ಬಣ್ಣದಲ್ಲೇ ತೆಗೆಯಬೇಕು.

ಕುಗ್ಗಿಸುವಿಕೆಯಲ್ಲಿ ಇನ್ನೂ ನಯವಾದ ಮೋಸವಿದೆ. ಜೆಬಿಗ್2 ಎಂಬ ವಿಧಾನದ ನಷ್ಟಸಹಿತ ಬಗೆ ಪುಟದಲ್ಲಿ ಒಂದೇ ತರಹ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದನ್ನು ಮಾತ್ರ ಉಳಿಸಿ, ಉಳಿದ ಕಡೆಯೆಲ್ಲ ಅದನ್ನೇ ಅಚ್ಚೊತ್ತುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮೂರು ಕೋಣೆಗಳ ಬೇರೆಬೇರೆ ವಿಸ್ತೀರ್ಣಗಳೂ 14.13 ಆಗಿ ಹೊರಬಂದವು. ಮಸುಕಿಲ್ಲ, ಕಲೆಯಿಲ್ಲ, ಅಂಕಿಗಳು ಸ್ಫುಟವಾಗಿದ್ದವು. ತಪ್ಪಾಗಿದ್ದವು ಅಷ್ಟೇ. 66ನೇ ಸರ್ವೆ ನಂಬರು 86 ಆದರೆ ಜಮೀನೇ ಬದಲಾಗುತ್ತದೆ. ಕನ್ನಡದಲ್ಲಿ ದ ಮತ್ತು ಧ, ಬ ಮತ್ತು ಭಗಳ ನಡುವಿನ ಅಂತರ ಒಂದು ಸಣ್ಣ ಸೀಳು ಮಾತ್ರ. ಹಾಗಾಗಿ ನ್ಯಾಯಾಲಯದ ದಾಖಲೆಗೆ ನಷ್ಟವಿಲ್ಲದ ಕುಗ್ಗಿಸುವಿಕೆ, ಇಲ್ಲವೇ ಆಕಾರ ಬದಲಿಸದ ಸಾಮಾನ್ಯ ಜೆಪೆಗ್ ಇರಲಿ. ಫಾಂಟುಗಳನ್ನೂ ತನ್ನೊಳಗೇ ಇಟ್ಟುಕೊಳ್ಳುವ ಪಿಡಿಎಫ್/ಎ ಮಾದರಿಯಲ್ಲಿ ಉಳಿಸಿದರೆ ಇಪ್ಪತ್ತು ವರ್ಷದ ನಂತರವೂ ತೆರೆಯಬಹುದು.

ಚಿತ್ರ ಚೆನ್ನಾಗಿ ಬಂತು ಅನ್ನಿ. ಹುಡುಕುವುದು ಹೇಗೆ? ಈಗ ಹೂಡುವ ಪ್ರತಿ ಮೊಕದ್ದಮೆಗೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಿದೆ: ಎರಡು ರಾಜ್ಯಕ್ಕೆ, ನಾಲ್ಕು ಜಿಲ್ಲೆ ಮತ್ತು ನ್ಯಾಯಾಲಯಕ್ಕೆ, ಆರು ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ಗಣಕೀಕರಣಕ್ಕೂ ಮುಂಚೆ ತೀರ್ಮಾನವಾದ ಮೊಕದ್ದಮೆಗೆ ಈ ಸಂಖ್ಯೆ ಹುಟ್ಟುವಾಗಲೇ ಸಿಕ್ಕಿರುವುದಿಲ್ಲ. ಕಡತದ ರಟ್ಟಿನ ಮೇಲಿರುವುದು ಬರೀ ದಾವೆಯ ನಂಬರು, ವರ್ಷ. ಅದೇ ನಂಬರು ಅದೇ ವರ್ಷ ಬೇರೆ ನ್ಯಾಯಾಲಯಗಳಲ್ಲೂ ಇರುತ್ತದೆ. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ, ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದಂಥ ಕಡೆಗಳಲ್ಲಿ ಹಳೆಯ ಕಡತ ಈಗ ಯಾವ ನ್ಯಾಯಾಲಯದ ಲೆಕ್ಕಕ್ಕೆ ಎಂಬುದನ್ನು ರಿಜಿಸ್ಟರ್ ತೆರೆದೇ ನೋಡಬೇಕು. ಪಕ್ಷಗಾರರ ಹೆಸರಿನಿಂದ ಹುಡುಕೋಣವೆಂದರೆ, ಲಕ್ಷ್ಮಮ್ಮ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ನಮೂದಾಗಿರುತ್ತಾಳೆ.

ಕಂಪ್ಯೂಟರಿನಲ್ಲೇ ಟೈಪ್ ಮಾಡಿದ ಕನ್ನಡವಾದರೂ ಸುಲಭ ಅಂದುಕೊಂಡರೆ ಅಲ್ಲಿ ಹಳೆಯ ನುಡಿ ಫಾಂಟ್ ಕಾಯುತ್ತಿರುತ್ತದೆ. ಪರದೆ ಮೇಲೆ ಕನ್ನಡ, ಒಳಗೆ ಯುರೋಪಿನ ಅಕ್ಷರಗಳ ಸಂಕೇತ. ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವೊತ್ತು ಕೈಕೊಡುತ್ತದೆ: ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು. ಪರಿವರ್ತಕ ಇದನ್ನು ಗಮನಿಸದಿದ್ದರೆ ಕರ್ನಾಟಕ 'ಕನಾರ್ಟಕ' ಆಗುತ್ತದೆ, ಅರ್ಜಿ 'ಅಜಿರ್' ಆಗುತ್ತದೆ. 'ಅರ್ಜಿ' ಎಂದು ಹುಡುಕಿದವನಿಗೆ ಏನೂ ಸಿಗುವುದಿಲ್ಲ. ಕೈಬರಹದ ಆರ್ಡರ್ ಶೀಟನ್ನು ಓದುವ ತಂತ್ರಾಂಶವನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಮನುಷ್ಯರೇ ಪುಟ ತಿರುವಿ ದಾವಾಪತ್ರ, ಉತ್ತರಪತ್ರ, ಸಾಕ್ಷ್ಯ, ತೀರ್ಪು ಎಂದು ಬುಕ್‌ಮಾರ್ಕ್ ಹಾಕಬೇಕು.

ಕೊನೆಯ ತಪಾಸಣೆ ಎಣಿಕೆಯದು. ಪೆನ್ಸಿಲ್ ಸಂಖ್ಯೆ 212ಕ್ಕೆ ಮುಗಿದಿದ್ದರೆ, ಎರಡೂ ಬದಿ ಸೇರಿ ಚಿತ್ರಗಳು 424 ಇರಲೇಬೇಕು, ಖಾಲಿ ಬೆನ್ನುಗಳೂ ಸೇರಿ. ಲೆಕ್ಕ ಹೊಂದಿದ ಮೇಲೆ ಡಿಜಿಟಲ್ ಸಹಿ, ಆಮೇಲೆ ಕಡತಕ್ಕೆ ಮತ್ತೆ ಹೊಲಿಗೆ. ಅದೂ ಹಳೆಯ ತೂತುಗಳಲ್ಲೇ. ಹೊಸ ತೂತು ಕೊರೆದರೆ, ನಡುವೆ ಯಾರೋ ಹಾಳೆ ಬದಲಿಸಿದ್ದಾರೆಂದು ಎದುರು ವಕೀಲರು ಎದ್ದು ನಿಲ್ಲಲು ಅಷ್ಟು ಸಾಕು.