ಎರಡು ಚಾಪೆ, ಅರುವತ್ತು ಹಪ್ಪಳ: ಯಂತ್ರದ ಲೋಕಜ್ಞಾನವನ್ನು ಅಳೆಯುವುದು ಹೇಗೆ?

ಒಂದು ಚಾಪೆ ತುಂಬ ಹಾಕಿದ 30 ಹಲಸಿನ ಹಪ್ಪಳ ಒಣಗಲು ಎರಡು ದಿನದ ಬಿಸಿಲು ಬೇಕು. ಅಂಥದೇ ಎರಡು ಚಾಪೆಯಲ್ಲಿ ಒಟ್ಟಿಗೇ 60 ಹಪ್ಪಳ ಹಾಕಿದರೆ ಎಷ್ಟು ದಿನ ಬೇಕು?

ಉಡುಪಿ ಕಡೆಯ ಯಾವ ಮನೆಯಲ್ಲಿ ಕೇಳಿದರೂ "ಎರಡೇ ದಿನ" ಎನ್ನುತ್ತಾರೆ, ಇದೂ ಒಂದು ಪ್ರಶ್ನೆಯೇ ಎಂಬಂತೆ ಮುಖವನ್ನೂ ನೋಡುತ್ತಾರೆ. ಭಾಷಾ ಮಾದರಿಯನ್ನು, ಅಂದರೆ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ನ ಹಿಂದಿರುವ ಯಂತ್ರವನ್ನು, ಕೇಳಿದರೆ ಅದು ತ್ರೈರಾಶಿ ಲೆಕ್ಕ ಹಾಕಿ "ನಾಲ್ಕು" ಎನ್ನಬಹುದು, "ಎರಡು" ಎಂದೂ ಹೇಳಬಹುದು. "ಎರಡು" ಎಂದರೆ ಅದಕ್ಕೆ ಬಿಸಿಲು, ಚಾಪೆ, ಹಪ್ಪಳ ಅರ್ಥವಾಯಿತೇ? ಹಾಗೆಂದು ಒಪ್ಪಿಕೊಳ್ಳುವ ಹಾಗಿಲ್ಲ. ಹಗ್ಗದ ಮೇಲೆ ಒಣಹಾಕಿದ ಅಂಗಿಗಳ ಬಗ್ಗೆ ಇದೇ ಧಾಟಿಯ ಇಂಗ್ಲಿಷ್ ಒಗಟೊಂದು ಇಂಟರ್ನೆಟ್ಟಿನಲ್ಲಿ ಬಹಳ ಓಡಾಡಿದೆ. ಯಂತ್ರ ಅದನ್ನೇ ನೆನಪಿಟ್ಟುಕೊಂಡಿರಬಹುದು.

ಹಾಗಾಗಿ ಎರಡನೆಯ ಪ್ರಶ್ನೆ ಹಾಕಬೇಕು. ಎಲ್ಲ ಅದೇ, ಆದರೆ ಚಾಪೆ ಒಂದೇ ಇದೆ, ಹಪ್ಪಳ 60. ಈಗ ಸರಿಯುತ್ತರ ನಾಲ್ಕು ದಿನ, ಏಕೆಂದರೆ ಮೊದಲ 30 ಎದ್ದ ಮೇಲೆಯೇ ಉಳಿದದ್ದಕ್ಕೆ ಜಾಗ. ಅಂಗಿಯ ಒಗಟನ್ನು ಬಾಯಿಪಾಠ ಮಾಡಿದ ಮಾದರಿ ಇಲ್ಲಿಯೂ "ಎರಡು" ಎಂದುಬಿಡುತ್ತದೆ. ತ್ರೈರಾಶಿಗೆ ಬಿದ್ದದ್ದು ಎರಡೂ ಕಡೆ "ನಾಲ್ಕು" ಎನ್ನುತ್ತದೆ. ಎರಡಕ್ಕೂ ಸರಿ ಹೇಳಬೇಕಾದರೆ ಚಾಪೆಯ ಜಾಗ ಲೆಕ್ಕಕ್ಕೆ ಬರಲೇಬೇಕು. ಯಂತ್ರದ ಕಾಮನ್ ಸೆನ್ಸ್ ಪರೀಕ್ಷೆಯಲ್ಲಿ ನಂಬಬಹುದಾದ ಅಳತೆಗೋಲು ಏನಾದರೂ ಇದ್ದರೆ ಅದು ಇಂಥ ಜೋಡಿ ಪ್ರಶ್ನೆಯೇ.

ಕಾಮನ್ ಸೆನ್ಸ್ ಎಂಬುದಕ್ಕೆ "ಸಾಮಾನ್ಯ ಜ್ಞಾನ" ಎಂದರೆ ಕೆಟ್ಟಿತು. ಕನ್ನಡದಲ್ಲಿ ಅದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿಷಯ. ಇಲ್ಲಿ ಬೇಕಾದದ್ದು ಲೋಕಜ್ಞಾನ, ಯಾವ ಗೈಡ್‌ನಲ್ಲೂ ಸಿಗದ್ದು. ಒದ್ದೆ ಕೊಡೆಯನ್ನು ಹಾಸಿಗೆಯ ಮೇಲೆ ಇಡಬಾರದು ಎಂದು ಯಾರೂ ಬರೆದಿಡುವುದಿಲ್ಲ, ಎಲ್ಲರಿಗೂ ಗೊತ್ತಿರುವುದರಿಂದ. ಬರೆದದ್ದನ್ನು ಓದಿಯೇ ಕಲಿಯುವ ಯಂತ್ರಕ್ಕೆ ತೊಡಕಾಗುವುದು ಇದೇ. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1959ರಲ್ಲೇ ಲೋಕಜ್ಞಾನವುಳ್ಳ ಪ್ರೋಗ್ರಾಂ ಹೇಗಿರಬೇಕೆಂದು ಪ್ರಬಂಧ ಬರೆದಿದ್ದರು. 1984ರಲ್ಲಿ ಡಗ್ಲಸ್ ಲೆನಟ್ "ಸೈಕ್" ಯೋಜನೆ ಶುರುಮಾಡಿ ಇಂಥ ಸಂಗತಿಗಳನ್ನು ಒಂದೊಂದಾಗಿ ಕೈಯಲ್ಲೇ ಬರೆಸಲು ಹೊರಟರು. ದಶಕಗಳು ಕಳೆದರೂ ಅದು ಮುಗಿಯುವ ಕೆಲಸವಾಗಲಿಲ್ಲ.

ಜೋಡಿ ಪ್ರಶ್ನೆಯ ಉಪಾಯವನ್ನು ಪರೀಕ್ಷೆಯಾಗಿಸಿದ್ದು ಹೆಕ್ಟರ್ ಲೆವೆಸ್ಕ್, 2011ರಲ್ಲಿ. ಟೆರಿ ವಿನೊಗ್ರಾಡ್ 1972ರಲ್ಲಿ ಕೊಟ್ಟಿದ್ದ ಒಂದು ಉದಾಹರಣೆಯಿಂದ ಹುಟ್ಟಿದ್ದರಿಂದ ಇದಕ್ಕೆ ವಿನೊಗ್ರಾಡ್ ಸ್ಕೀಮಾ ಎಂದು ಹೆಸರು. ಅದರ ಅಚ್ಚಿನಲ್ಲಿ ನಮ್ಮ ಸಾಮಾನು ಹಾಕಿದರೆ ಹೀಗಿರುತ್ತದೆ: "ಹಲಸಿನ ಹಣ್ಣು ಗೋಣಿಯಲ್ಲಿ ಹಿಡಿಯಲಿಲ್ಲ, ಯಾಕೆಂದರೆ ಅದು ತೀರಾ ದೊಡ್ಡದಿತ್ತು." ಯಾವುದು ದೊಡ್ಡದು? ಹಣ್ಣು. ಈಗ "ದೊಡ್ಡದಿತ್ತು" ತೆಗೆದು "ಚಿಕ್ಕದಿತ್ತು" ಎಂದು ಹಾಕಿ. "ಅದು" ಥಟ್ಟನೆ ಗೋಣಿಯಾಗಿಬಿಡುತ್ತದೆ. ವ್ಯಾಕರಣ ಕೂದಲೆಳೆಯಷ್ಟೂ ಬದಲಾಗಿಲ್ಲ, ಬದಲಾದದ್ದು ಲೋಕದ ಸಂಗತಿ.

ಈ ಪರೀಕ್ಷೆಗೆಂದೇ 2016ರಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಪ್ರೋಗ್ರಾಂ ಗಳಿಸಿದ್ದು ಶೇ. 58ರ ಆಸುಪಾಸು. ಸುಮ್ಮನೆ ಊಹಿಸಿ ಹೇಳಿದರೂ 45ರ ಆಸುಪಾಸು ಬರುತ್ತಿತ್ತು. ಮೂರೇ ವರ್ಷದಲ್ಲಿ, 2019ಕ್ಕೆ, ಹೆಚ್ಚು ಬಳಕೆಯಲ್ಲಿರುವ 273 ವಾಕ್ಯಗಳ ಪಟ್ಟಿಯಲ್ಲಿ ಮಾದರಿಗಳು ಶೇ. 90 ಮುಟ್ಟಿದವು. ಯಂತ್ರಕ್ಕೆ ಬುದ್ಧಿ ಬಂತೆಂದು ಹೇಳಿದವರೂ ಇದ್ದರು. ಆದರೆ ಆ ವಾಕ್ಯಗಳು ವೆಬ್‌ನಲ್ಲಿ ಬಿದ್ದುಕೊಂಡಿದ್ದವು, ಮಾದರಿಗಳು ಓದಿ ಬೆಳೆದದ್ದೂ ಅದೇ ವೆಬ್ಬನ್ನು. ಜೊತೆಗೆ, ಎಷ್ಟೋ ವಾಕ್ಯಗಳಲ್ಲಿ ಪದಗಳ ಒಡನಾಟವೇ ಉತ್ತರ ಬಿಟ್ಟುಕೊಡುತ್ತಿತ್ತು. ಅಂಥವನ್ನು ಸೋಸಿ ತೆಗೆಯುವ ವಿಧಾನದೊಂದಿಗೆ 2019ರಲ್ಲಿ ಸುಮಾರು 44,000 ಪ್ರಶ್ನೆಗಳ ವಿನೊಗ್ರಾಂಡೆ ಎಂಬ ಪರೀಕ್ಷೆ ಬಂತು. ಅದೇ ವರ್ಷದ ಹೆಲಾಸ್ವಾಗ್ ಎಂಬ ಪರೀಕ್ಷೆಯದು ಬೇರೆ ದಾರಿ: ಒಂದು ಸನ್ನಿವೇಶಕ್ಕೆ ನಾಲ್ಕು ಮುಂದುವರಿಕೆ, ಅದರಲ್ಲಿ ಮೂರನ್ನು ಯಂತ್ರವೇ ಬರೆದದ್ದು. ಬಿಡುಗಡೆಯಾದಾಗ ಮನುಷ್ಯರು ಶೇ. 95 ದಾಟಿದರೆ ಯಂತ್ರಗಳು 50ರೊಳಗಿದ್ದವು. 2023ಕ್ಕೆ ಜಿಪಿಟಿ-4 ಅಲ್ಲಿಯೂ 95 ಎಂದಿತು.

ಪಿಕ್ಯೂಎ ಎಂಬುದು ಕೈಕೆಲಸದ ಪರೀಕ್ಷೆ. ಒಂದು ಕೆಲಸ, ಎರಡು ವಿಧಾನ, ಯಾವುದು ಸರಿ? ಕರಾವಳಿಯ ಅಡುಗೆಮನೆಗೆ ಇದು ಸಲೀಸಾಗಿ ಹೊಂದುತ್ತದೆ. "ನೀರು ದೋಸೆ ಹಿಟ್ಟನ್ನು ಕಾದ ಕಾವಲಿಗೆ (ಅ) ಹೊಯ್ದು ಹಾಗೇ ಬಿಡಬೇಕು, (ಆ) ಸೌಟಿನ ಬೆನ್ನಿನಿಂದ ಸುತ್ತ ಹರಡಬೇಕು." ಉತ್ತರ ಅ. ಹರಡಲು ಹೋದರೆ ಹಿಟ್ಟು ಸೌಟಿಗೇ ಎದ್ದು ಬರುತ್ತದೆ. ಈಗ ನೀರು ದೋಸೆಯ ಜಾಗದಲ್ಲಿ ಉದ್ದಿನ ದೋಸೆ ಎಂದು ಹಾಕಿ, ಉತ್ತರ ತಿರುವುಮುರುವು. ಲೋಕದಲ್ಲಿ ಹೆಚ್ಚು ಬರೆದದ್ದು ಉದ್ದಿನ ದೋಸೆಯ ಬಗ್ಗೆಯಾದ್ದರಿಂದ, ನೀರು ದೋಸೆಯನ್ನೂ ಹರಡಿಸುವ ಮಾದರಿ ಇದ್ದರೆ ಈ ಜೋಡಿಯಲ್ಲಿ ಅರ್ಧಕ್ಕೆ ಸಿಕ್ಕಿಬೀಳುತ್ತದೆ.

ಅಂಕ ಹಾಕುವ ಒಳಗಿನ ಕ್ರಮ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು, ಎಡವಟ್ಟು ಹೆಚ್ಚಾಗುವುದು ಅಲ್ಲೇ. ಒಂದು ಕ್ರಮದಲ್ಲಿ ಮಾದರಿಯಿಂದ ಉತ್ತರ ಬರೆಸಿ ಓದುತ್ತಾರೆ. ಇನ್ನೊಂದರಲ್ಲಿ ಬರೆಸುವುದೇ ಇಲ್ಲ. ಪ್ರಶ್ನೆಯ ಮುಂದೆ ಒಂದೊಂದು ಆಯ್ಕೆಯನ್ನೂ ಇಟ್ಟು, ಅದರ ಪ್ರತಿ ಟೋಕನ್ ಬರುವ ಸಂಭವನೀಯತೆ ಎಷ್ಟೆಂದು ಮಾದರಿಯಿಂದಲೇ ಪಡೆದು, ಲಾಗರಿದಮ್ ತೆಗೆದು ಕೂಡುತ್ತಾರೆ. ಟೋಕನ್ ಎಂದರೆ ಮಾದರಿ ಪಠ್ಯವನ್ನು ಕತ್ತರಿಸಿಕೊಳ್ಳುವ ತುಂಡು. ಮೊತ್ತ ಹೆಚ್ಚಿದ್ದ ಆಯ್ಕೆಯೇ ಅದರ ಉತ್ತರ. ಉದಾಹರಣೆಗೆ, (ಅ) ಆಯ್ಕೆ 6 ಟೋಕನ್, ಮೊತ್ತ −12. (ಆ) ಆಯ್ಕೆ 10 ಟೋಕನ್, ಮೊತ್ತ −15. ಹಾಗೇ ನೋಡಿದರೆ (ಅ) ಗೆದ್ದಿತು. ಟೋಕನ್‌ಗಳಿಂದ ಭಾಗಿಸಿದರೆ −2 ಮತ್ತು −1.5, (ಆ) ಗೆದ್ದಿತು! ಅದೇ ಮಾದರಿ, ಅದೇ ಪ್ರಶ್ನೆ, ಎರಡು ಫಲಿತಾಂಶ. ಕನ್ನಡದಲ್ಲಿ ಈ ತೊಂದರೆ ಇನ್ನೂ ಜೋರು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ 3 ಬೈಟ್. "ಮೀನು" ಎಂಬ ಪುಟ್ಟ ಪದ 12 ಬೈಟ್, ಅದರ ಇಂಗ್ಲಿಷ್ ಪದ 4. ಕನ್ನಡವನ್ನು ಕಡಿಮೆ ಕಂಡ ಮಾದರಿ ನಮ್ಮ ಪದಗಳನ್ನು ಚೂರುಚೂರು ಮಾಡಿಯೇ ಓದುತ್ತದೆ. ಒಂದು ವಿಭಕ್ತಿ ಪ್ರತ್ಯಯ ಹೆಚ್ಚಾದರೆ ಸಾಕು, ಟೋಕನ್ ಎಣಿಕೆ ಏರಿ ಅಂಕ ಅಲುಗುತ್ತದೆ. ಆದ್ದರಿಂದ ಎರಡು ಆಯ್ಕೆಗಳ ಉದ್ದ ಸಾಧ್ಯವಾದಷ್ಟೂ ಸಮವಿರಬೇಕು.

ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿ ಬಳಸುವುದು ಸುಲಭ, ಆಗಿಯೂ ಇದೆ. ಕಾರಣ-ಪರಿಣಾಮ ಕೇಳುವ ಕೋಪಾ ಪರೀಕ್ಷೆಯನ್ನು 2020ರಲ್ಲಿ 11 ಭಾಷೆಗೆ ತಂದರು, ದ್ರಾವಿಡ ಭಾಷೆಗಳಲ್ಲಿ ತಮಿಳೊಂದಕ್ಕೇ ಜಾಗ ಸಿಕ್ಕಿತ್ತು. ಆಮೇಲೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡವೂ ಸೇರಿ 18 ಭಾರತೀಯ ಭಾಷೆಗಳಿಗೆ ಅದನ್ನು ತಂದಿತು. ದೊಡ್ಡ ಉಪಕಾರ. ಆದರೆ ವಿನೊಗ್ರಾಡ್ ಜೋಡಿಗಳನ್ನು ಕನ್ನಡಕ್ಕೆ ತರುವಾಗ ಕನ್ನಡವೇ ಕಾಪಿ ಹೊಡೆಸುತ್ತದೆ! "ದೊಡ್ಡಮ್ಮ ಸೌಮ್ಯಳಿಗೆ ಕೊಡೆ ಕೊಟ್ಟರು, ಯಾಕೆಂದರೆ ಅವಳು ಹೊರಗೆ ಹೊರಟಿದ್ದಳು." ಇಲ್ಲಿ ಲೋಕಜ್ಞಾನ ಯಾರಿಗೆ ಬೇಕು? ದೊಡ್ಡಮ್ಮನಾದರೆ "ಅವರು" ಆಗುತ್ತಿತ್ತು, ಬಹುವಚನವೇ ಗುಟ್ಟು ಒಡೆಯಿತು. ಇಬ್ಬರಲ್ಲಿ ಒಬ್ಬ ಗಂಡಸಾದರೆ ಕ್ರಿಯಾಪದವೇ ಹೇಳಿಬಿಡುತ್ತದೆ. "ತಾನು" ಬಂದರಂತೂ ಮುಗಿಯಿತು, ಅದು ಕರ್ತೃವಿಗೇ ಅಂಟಿಕೊಳ್ಳುವ ಪದ. ವಿನೊಗ್ರಾಡ್ ಕೊಟ್ಟಿದ್ದ ಆ ಇಂಗ್ಲಿಷ್ ಉದಾಹರಣೆಯಲ್ಲಿ, ನಗರಸಭೆಯವರು ಪ್ರತಿಭಟನಾಕಾರರಿಗೆ ಅನುಮತಿ ಕೊಡಲಿಲ್ಲ, "ಯಾಕೆಂದರೆ ಅವರು ಹಿಂಸೆಗೆ ಹೆದರಿದರು" ಎಂದು ಬರುತ್ತದೆ. ಸಹಜವಾಗಿ ಮಾತಾಡುವವರು "ಗಲಾಟೆಗೆ ಹೆದರಿ ಅನುಮತಿ ಕೊಡಲಿಲ್ಲ" ಎಂದಾರು. ಹೆದರಿದ್ದು ಯಾರೆಂಬ ಪ್ರಶ್ನೆಯೇ ಅಲ್ಲಿ ಉಳಿಯುವುದಿಲ್ಲ. ಕನ್ನಡದಲ್ಲಿ ಜೋಡಿ ಕಟ್ಟುವವರಿಗೆ ಹಣ್ಣು-ಗೋಣಿಯಂಥ ನಪುಂಸಕಲಿಂಗದ ಎರಡು ವಸ್ತುಗಳೇ ಕ್ಷೇಮ. ಜನರೇ ಬೇಕೆಂದರೆ ಒಂದೇ ಲಿಂಗದ, ಒಂದೇ ಸಲುಗೆಯ ಇಬ್ಬರು ಗೆಳತಿಯರನ್ನು ತನ್ನಿ.

ಊರಿನ ತಿಳಿವಳಿಕೆಯನ್ನೂ ವಿವೇಚನೆಯನ್ನೂ ಬೆರೆಸಬಾರದು. "ಜುಲೈ 10, ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟುಗಳೆಲ್ಲ ಸಾಲಾಗಿ ನಿಂತಿವೆ, ಯಾಕೆ?" ಎಂಬುದು ಚೆಂದದ ಪ್ರಶ್ನೆ. ಆದರೆ ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ ಎಂಬ ಮಾಹಿತಿ ಇಲ್ಲದವರು, ಎಷ್ಟೇ ಜಾಣರಾದರೂ, ತಪ್ಪುತ್ತಾರೆ. ನಿಷೇಧದ ವಿಷಯವನ್ನು ಪ್ರಶ್ನೆಯೊಳಗೇ ಕೊಟ್ಟು, ಆ ವಾರ ಐಸ್ ಪ್ಲಾಂಟ್‌ನವನ ವ್ಯಾಪಾರ ಏನಾದೀತು ಎಂದು ಕೇಳಿದರೆ ಅದು ವಿವೇಚನೆಯ ಪರೀಕ್ಷೆ. ಎರಡನ್ನೂ ಕೇಳಿ, ಅಂಕ ಬೇರೆ ಬೇರೆ ಇಡಿ.

ಮಂಗಳೂರಿನಲ್ಲೋ ಮಣಿಪಾಲದಲ್ಲೋ ಕಾಲೇಜಿನ ನಾಲ್ಕು ಮಂದಿ ಸೇರಿದರೆ ಇಂಥ ಪರೀಕ್ಷೆಯನ್ನು ಒಂದು ವಾರದಲ್ಲಿ ಮಾಡಬಹುದು. 50 ಜೋಡಿ ಬರೆಯಿರಿ. ಬರೆಯದ ಮೂವರು ಒಬ್ಬರಿಗೊಬ್ಬರು ಕಾಣದಂತೆ ಉತ್ತರಿಸಲಿ. ಮೂವರೂ ಒಪ್ಪದ ಜೋಡಿಯನ್ನು ಮುಲಾಜಿಲ್ಲದೆ ಬಿಸಾಡಿ, ಕಡಿಮೆಯಾದಷ್ಟನ್ನು ಹೊಸದಾಗಿ ಬರೆಯಿರಿ. ನಂತರ ಪ್ರಶ್ನೆ ಮುಚ್ಚಿ ಬರಿಯ ಆಯ್ಕೆಗಳನ್ನು ಮಾದರಿಗೆ ಕೊಡಿ. ಆಗಲೂ 50ಕ್ಕಿಂತ ಬಹಳ ಮೇಲೆ ಬಂದರೆ ಆಯ್ಕೆಗಳಲ್ಲೇ ಸುಳಿವಿದೆ, ಹೆಚ್ಚಾಗಿ ತಪ್ಪು ಆಯ್ಕೆಗೆ ನೀವು "ಮಾತ್ರ", "ಯಾವಾಗಲೂ" ಎಂದೆಲ್ಲ ಸೇರಿಸಿರುತ್ತೀರಿ. ಅಸಲಿ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಹೊಸ ಚಾಟ್ ತೆರೆಯಬೇಕು, ಇಲ್ಲವಾದರೆ ಜೋಡಿಯ ಮೊದಲನೆಯದು ಎರಡನೆಯದಕ್ಕೆ ಪಾಠ ಹೇಳಿಕೊಡುತ್ತದೆ. ಮಾದರಿಗಳಿಗೆ ಮೊದಲ ಆಯ್ಕೆಯ ಮೇಲೋ ಕೊನೆಯದರ ಮೇಲೋ ಒಲವಿರುವುದುಂಟು, ಹಾಗಾಗಿ ಆಯ್ಕೆಗಳ ಸ್ಥಾನ ಅದಲುಬದಲು ಮಾಡಿ ಮತ್ತೊಮ್ಮೆ ಕೇಳಿ. ಒಂದು ಜೋಡಿಗೆ ನಾಲ್ಕು ಉತ್ತರ, ನಾಲ್ಕೂ ಸರಿಯಿದ್ದರಷ್ಟೇ ಒಂದು ಅಂಕ. ಬರಿಯ ಅದೃಷ್ಟದಿಂದ ನಾಲ್ಕೂ ಸರಿಯಾಗುವುದು 16ರಲ್ಲಿ ಒಂದು ಸಲ, ಅಂದರೆ 50 ಜೋಡಿಯಲ್ಲಿ ಮೂರು.

ಒಂದು ಮಾದರಿಗೆ 40, ಇನ್ನೊಂದಕ್ಕೆ 43 ಬಂತೆಂದು ಕುಣಿಯಬೇಡಿ. 50ರಲ್ಲಿ 40 ಎಂದರೆ ಶೇ. 80, ಅದರ ಅನಿಶ್ಚಿತತೆ ಶೇಕಡಾ ಲೆಕ್ಕದಲ್ಲಿ ಎರಡೂ ಕಡೆ ಸುಮಾರು 11. 400 ಜೋಡಿ ಇದ್ದರೆ ಅದು 4ಕ್ಕೆ ಇಳಿಯುತ್ತದೆ. ಒಂದು ಗೆದ್ದು ಇನ್ನೊಂದು ಸೋತ ಜೋಡಿಗಳನ್ನಷ್ಟೇ ತೆಗೆದು ನೋಡುವುದು ಇನ್ನೂ ಒಳ್ಳೆಯದು. ಅಲ್ಲಿ 9-6 ಇದ್ದರೆ ಅದು ನಾಣ್ಯ ಚಿಮ್ಮಿದ ಹಾಗೆಯೇ. ಇನ್ನು, ಪ್ರಶ್ನೆಗಳನ್ನು ಎಲ್ಲೂ ಪೋಸ್ಟ್ ಮಾಡಬೇಡಿ, ಮುಂದಿನ ಮಾದರಿ ಅವನ್ನೇ ಓದಿಕೊಂಡು ಪರೀಕ್ಷೆಗೆ ಕೂರುತ್ತದೆ.

ಆಯ್ಕೆ ಕೊಡದೆ ಬಿಡಿಯಾಗಿ ಕೇಳುವ ಪ್ರಶ್ನೆಗಳಲ್ಲಿ ಮಾತ್ರ ಮನುಷ್ಯರು ಕೂತು ತಿದ್ದದೆ ಗತಿಯಿಲ್ಲ. ಹಪ್ಪಳದ್ದೇ ಮೂರನೆಯ ರೂಪ ನೋಡಿ: ಎರಡು ಚಾಪೆ, 60 ಹಪ್ಪಳ, ಆಟಿ ತಿಂಗಳು, ಎಷ್ಟು ದಿನ? ಯಾವುದೇ ಸಂಖ್ಯೆ ಹೇಳಿದರೂ ತಪ್ಪು. "ಮಳೆಗಾಲ, ಬಿಸಿಲು ನಂಬುವ ಹಾಗಿಲ್ಲ, ಹೇಳಲಾಗದು" ಎಂದರೆ ಸರಿ. "ಹಪ್ಪಳ ಬೇಸಗೆಯಲ್ಲಿ ಮಾಡಿಡುವುದು, ಆಟಿಯಲ್ಲಿ ಅದನ್ನು ಡಬ್ಬದಿಂದ ತೆಗೆದು ಕರಿಯುವುದು" ಎಂದು ಯಂತ್ರ ಉತ್ತರಿಸಿದರೆ ನಿಮ್ಮ ಉತ್ತರಪಟ್ಟಿಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಪೂರ್ತಿ ಅಂಕ ಕೊಡಿ.