ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರು, ತಲೆನೋವು ಮಾತ್ರ ಬಿಡುತ್ತಿಲ್ಲ. ಕಾರಣ ಹುಡುಕೋದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಮೂಡಿಗೆರೆ ಹತ್ತಿರದ ಊರು. ಆರೇಳು ವರ್ಷದಿಂದ ತಲೆನೋವು. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು, ಈಗ ವಾರಕ್ಕೆ ನಾಲ್ಕು ದಿನ. ಬಂತು ಅಂದರೆ ಬಲಗಡೆ ಕಣತಲೆ ಹೊಡೆದುಕೊಳ್ಳುತ್ತೆ, ವಾಂತಿ ಆಗುತ್ತೆ, ಬೆಳಕು ನೋಡೋಕೆ ಆಗಲ್ಲ. ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಏನೂ ಇಲ್ಲ ಅಂದರು. ಈಗ ಮನೆಯಲ್ಲಿ "ಏನೂ ಇಲ್ವಂತಲ್ಲ, ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀಯ" ಅಂತಾರೆ. ಇದು ಪಿತ್ತವಾ? ಸೈನಸ್ಸಾ? ಕಾರಣ ಹುಡುಕೋದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೆಯ ದಿನಗಳು ನೆನಪಾದವು. ನಾನು ಡಾಕ್ಟರ್ ಅಲ್ಲ. ಆದರೆ ಚಿಕ್ಕಮಗಳೂರಿನಲ್ಲಿ ಕೂತು ಹನ್ನೆರಡು ವರ್ಷ ಇದೇ ನೋವು ತಿಂದವಳು. ಸ್ಕ್ಯಾನ್ ಸರಿಯಾಗಿದೆ ಅಂದ ದಿನ ಖುಷಿಪಡಬೇಕೋ ಅಳಬೇಕೋ ಗೊತ್ತಾಗದೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದು ಈಗಲೂ ನೆನಪಿದೆ. ಅದಕ್ಕೇ ಮೊದಲು ಆ ಮಾತನ್ನೇ ತೆಗೆದುಕೊಳ್ಳುತ್ತೇನೆ.

ಸ್ಕ್ಯಾನ್ ತೋರಿಸುವುದು ಗಡ್ಡೆ, ರಕ್ತಸ್ರಾವ, ಬಾವು, ಇಂಥವನ್ನು. ಮೈಗ್ರೇನ್, ಅಂದರೆ ನಾವು ಅರೆತಲೆನೋವು ಅನ್ನುವುದು, ಅದರಲ್ಲಿ ಕಾಣುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳ ಕರೆಂಟ್ ನೆನಪು ಮಾಡಿಕೊಳ್ಳಿ. ಕಂಬ ನೆಟ್ಟಗಿದೆ, ತಂತಿ ಕಡಿದಿಲ್ಲ. ಫೋಟೋ ತೆಗೆದರೆ ಒಂದು ತಪ್ಪೂ ಸಿಗಲ್ಲ. ಆದರೂ ವೋಲ್ಟೇಜ್ ಏರಿಳಿದು ಬಲ್ಬು ಮಿಣಮಿಣ ಅನ್ನುತ್ತದೆ, ಅಲ್ವಾ? ಮೈಗ್ರೇನ್ ಕೂಡ ನರಗಳ ಕೆಲಸದಲ್ಲಿ ಆಗುವ ಏರುಪೇರು. ಮೆದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ. ಅದರ ಸುತ್ತಲಿನ ಪೊರೆಗೂ ರಕ್ತನಾಳಗಳಿಗೂ ಗೊತ್ತಾಗುತ್ತದೆ. ಮುಖದ ನರವೊಂದು ಕೆರಳಿ ಅಲ್ಲಿ ನೋವು ಹುಟ್ಟಿಸುತ್ತದೆ. ಹಾಗಾಗಿ "ಏನೂ ಇಲ್ಲ" ಅಂದರೆ "ಗಡ್ಡೆ ಇಲ್ಲ" ಅಂತ ಮಾತ್ರ ಅರ್ಥ. ನೋವು ಸುಳ್ಳು ಅಂತ ಅಲ್ಲ.

ನೀವು ಒಬ್ಬರೇ ಅಂತಲೂ ಅಂದುಕೊಳ್ಳಬೇಡಿ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಿಗೆ ಇದು ಜಾಸ್ತಿ. ಅಮ್ಮನಿಗೋ ಅಜ್ಜಿಗೋ ಇತ್ತಾ ಅಂತ ಕೇಳಿ ನೋಡಿ. ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದ ಅಜ್ಜಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದರು.

ಇನ್ನು ಪಿತ್ತದ ವಿಷಯ. ತಲೆನೋವಿನ ಜೊತೆ ಹಳದಿ ವಾಂತಿ ಆದರೆ ನಮ್ಮ ಕಡೆ ಪಿತ್ತ ತಲೆಗೇರಿದೆ ಅನ್ನುತ್ತಾರೆ. ವಾಂತಿಯಾದ ಮೇಲೆ ನೋವು ಸ್ವಲ್ಪ ಇಳಿಯುವುದರಿಂದ ಆ ನಂಬಿಕೆ ಇನ್ನೂ ಗಟ್ಟಿ. ಆದರೆ ನಡೆಯುವುದು ಉಲ್ಟಾ. ಮೈಗ್ರೇನ್ ಶುರುವಾದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಹೊಟ್ಟೆ ತೊಳೆಸುತ್ತದೆ. ಖಾಲಿ ಹೊಟ್ಟೆಯಲ್ಲಿ ವಾಂತಿಯಾದರೆ ಬರುವುದು ಹಳದಿ ನೀರೇ. ಇದರಲ್ಲಿ ನಿಮಗೆ ಬೇಕಾದ ಒಂದು ವಿಷಯವಿದೆ. ನೋವು ಜೋರಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತುಬಿಡುತ್ತದೆ, ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಡಾಕ್ಟರ್‌ಗಳು ಶುರುವಿನಲ್ಲೇ ತೆಗೆದುಕೊಳ್ಳಿ ಅನ್ನುತ್ತಾರೆ. ಜೊತೆಗೆ ವಾಂತಿ ನಿಲ್ಲುವ ಮಾತ್ರೆ ಕೊಡುವುದೂ ಇದೇ ಕಾರಣಕ್ಕೆ.

ಸೈನಸ್ ಆದರೆ ಸಾಮಾನ್ಯವಾಗಿ ಮೂಗು ಕಟ್ಟಿ ದಪ್ಪ ಹಳದಿ, ಹಸಿರು ಸಿಂಬಳ ಬರುತ್ತದೆ, ಒಮ್ಮೊಮ್ಮೆ ಜ್ವರವೂ ಇರುತ್ತದೆ. ಮೈಗ್ರೇನ್‌ನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದರಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಸೈನಸ್ ಅಂತಲೇ ಔಷಧಿ ಮಾಡುತ್ತಾರೆ. ಒಂದು ಕಡೆ ಹೊಡೆದುಕೊಳ್ಳುವ ನೋವು, ವಾಂತಿ, ಬೆಳಕು ಸಹಿಸದಿರುವುದು, ಓಡಾಡಿದರೆ ಜಾಸ್ತಿಯಾಗುವುದು, 4 ಗಂಟೆಯಿಂದ 72 ಗಂಟೆಯವರೆಗೆ ಇರುವುದು: ಮೈಗ್ರೇನ್‌ನ ಗುರುತು ಇವು. ನೀವು ಬರೆದಿದ್ದು ಬಹುಮಟ್ಟಿಗೆ ಇದಕ್ಕೇ ಹೊಂದುತ್ತದೆ.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ತಿಂಗಳಿಗೆ ಎರಡು ಸಲ ಇದ್ದದ್ದು ವಾರಕ್ಕೆ ನಾಲ್ಕು ದಿನ ಆಗಿದೆ ಅಂದಿದ್ದೀರಿ. ಅಂದರೆ ತಿಂಗಳಿಗೆ 16, 17 ದಿನ. ಅಷ್ಟು ದಿನವೂ ಏನು ತೆಗೆದುಕೊಳ್ಳುತ್ತೀರಿ ಅಂತ ಬರೆದಿಲ್ಲ. ನಾನೂ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ "ತಲೆನೋವಿನದು ಎರಡು ಕೊಡಿ" ಅಂದರೆ ಕೊಡುತ್ತಾರೆ. ಅದು ಔಷಧಿ ಅಂತ ಲೆಕ್ಕಕ್ಕೇ ಬರುವುದಿಲ್ಲ, ಬ್ಯಾಗಿನಲ್ಲಿ ಪೆನ್ನಿನ ಹಾಗೆ ಇರುತ್ತದೆ.

ತಲೆನೋವಿನ ಮಾತ್ರೆಯನ್ನೇ ಅತಿಯಾಗಿ ತೆಗೆದುಕೊಂಡರೆ ಅದರಿಂದಲೇ ತಲೆನೋವು ಬರುತ್ತದೆ. ನಂಬುವುದು ಕಷ್ಟ. ನನಗೂ ಕೋಪವೇ ಬಂದಿತ್ತು. ಲೆಕ್ಕ ಹೀಗಿದೆ: ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ. ಎರಡು ಮೂರು ಔಷಧಿ ಸೇರಿಸಿದ ಮಾತ್ರೆ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟಮಿನ್ ಆದರೆ 10 ದಿನ. ಇದು ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ಮೆದುಳು ಅದಕ್ಕೆ ಒಗ್ಗಿಕೊಂಡು, ಮಾತ್ರೆಯ ಪ್ರಭಾವ ಇಳಿದ ಕೂಡಲೇ ಮತ್ತೆ ನೋವು ಎಬ್ಬಿಸುತ್ತದೆ. ನಾವು ಇನ್ನೊಂದು ನುಂಗುತ್ತೇವೆ. ಮೈಗ್ರೇನ್ ಇರುವವರಿಗೆ ಈ ಬಲೆ ಬೇಗ ಬಿಗಿಯುತ್ತದೆ. ಬೆನ್ನುನೋವಿಗೋ ಮಂಡಿನೋವಿಗೋ ತೆಗೆದುಕೊಂಡ ಮಾತ್ರೆಯೂ ಈ ಲೆಕ್ಕಕ್ಕೆ ಸೇರುತ್ತದೆ. ವರ್ಷಗಟ್ಟಲೆ ತಿಂದರೆ ಹೊಟ್ಟೆ, ಕಿಡ್ನಿಗೆ ಏನಾಗುತ್ತದೆ ಅನ್ನುವುದು ಬೇರೆ ಮಾತು.

ಇದನ್ನು ಕಂಡುಹಿಡಿಯಲು ಯಾವ ಮಿಷನ್ನೂ ಬೇಡ. ಗೋಡೆಯ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ನನಗೆ ಒಬ್ಬ ಡಾಕ್ಟರ್ ಇದನ್ನೇ ಹೇಳಿದರು. ತಲೆನೋವು ಬಂದ ದಿನ "ತ" ಅಂತ ಬರೆಯಿರಿ. ಪಕ್ಕದಲ್ಲಿ 1, 2 ಅಥವಾ 3: ಕೆಲಸ ಮಾಡಲು ಆಗುವಷ್ಟು, ಕಷ್ಟಪಟ್ಟು ಮಾಡುವಷ್ಟು, ಹಾಸಿಗೆ ಹಿಡಿಯುವಷ್ಟು. ಮಾತ್ರೆ ತೆಗೆದುಕೊಂಡರೆ "ಮ", ಎಷ್ಟು ಅಂತಲೂ. ಮುಟ್ಟಿನ ದಿನಗಳಿಗೆ ಒಂದು ಸುತ್ತು. ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಕಾಫಿ ತಡವಾಗಿದ್ದರೆ ಒಂದೊಂದು ಅಕ್ಷರ. ದಿನಕ್ಕೆ ಅರ್ಧ ನಿಮಿಷದ ಕೆಲಸ. ಎರಡು ತಿಂಗಳು ಮಾಡಿ.

ಕಾರಣ ಹುಡುಕುವಾಗ ನೋವು ಬರುವ ಮೊದಲು ಏನು ತಿಂದೆ ಅಂತ ಮಾತ್ರ ನೋಡಬೇಡಿ. ಅದರ ಹಿಂದಿನ ಒಂದೆರಡು ದಿನ ನೋಡಿ. ಮೈಗ್ರೇನ್ ನೋವಿಗಿಂತ ಮೊದಲೇ ಒಳಗೆ ಶುರುವಾಗಿರುತ್ತದೆ. ಪದೇ ಪದೇ ಆಕಳಿಕೆ, ಕುತ್ತಿಗೆ ಬಿಗಿತ, ಸಿಡುಕು, ಸಿಹಿ ತಿನ್ನಬೇಕು ಅನ್ನಿಸುವುದು ಅದರ ಮುನ್ಸೂಚನೆ. ಅಂಥ ಹೊತ್ತಿನಲ್ಲಿ ಒಂದು ಚಾಕೊಲೇಟ್ ತಿಂದಿರುತ್ತೇವೆ. ಮರುದಿನ ತಲೆ ಸಿಡಿದಾಗ ಅದನ್ನೇ ದೂರುತ್ತೇವೆ. ಹೀಗೆ ಒಂದೊಂದೇ ತಿನಿಸು ಬಿಡುತ್ತಾ ಹೋಗಿ ಅನ್ನ ಸಾರು ಮಾತ್ರ ಉಳಿಸಿಕೊಂಡವರನ್ನು ನೋಡಿದ್ದೇನೆ, ಪಾಪ.

ನನ್ನ ಕ್ಯಾಲೆಂಡರ್ ನನಗೆ ಮೂರು ವಿಷಯ ಹೇಳಿತು. ಒಂದು, ಮಾತ್ರೆ 17 ದಿನ. ಎರಡು, ಕಾಫಿ ಹೂವು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದಲ್ಲ, ಊರಿಗೇ ಹಬ್ಬವಾದ ಆ ಎರಡು ಮೂರು ದಿನ ನನಗೆ "ತ3". ಗಾಢ ಪರಿಮಳ ಹಲವರಿಗೆ ನೋವು ಎಬ್ಬಿಸುತ್ತದೆ. ಊದುಬತ್ತಿ, ಸೆಂಟು, ತೋಟಕ್ಕೆ ಹೊಡೆಯುವ ಔಷಧಿಯ ವಾಸನೆಯೂ ಹಾಗೇ.

ಮೂರನೆಯದು ಭಾನುವಾರ. ವಾರವೆಲ್ಲ ಆರು ಗಂಟೆಗೆ ಕಾಫಿ, ಭಾನುವಾರ ಒಂಬತ್ತಕ್ಕೆ. ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ನಾಡಿನಲ್ಲಿ ಕಾಫಿಯನ್ನು ಯಾರು ಅನುಮಾನಿಸುತ್ತಾರೆ ಹೇಳಿ! ಕೆಫೀನ್‌ಗೆ ಒಗ್ಗಿದ ಮೈಗೆ ಅದು ಸಿಗದಿದ್ದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು. ಪೂರ್ತಿ ಬಿಟ್ಟರೆ 2ರಿಂದ 9 ದಿನ ಕಾಡಬಹುದು. ಉಪವಾಸದ ದಿನದ ತಲೆನೋವಿಗೆ ಎಷ್ಟೋ ಸಲ ಹಸಿವಿನ ಜೊತೆ ಇದೂ ಸೇರಿರುತ್ತದೆ. ಇನ್ನೊಂದು ವಿಷಯ: ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಮನೆ ತೋಟದ ಅಪ್ಪಟ ರೊಬಸ್ಟಾ ಪುಡಿಯಿಂದ ಅಂಗಡಿಯ ಚಿಕೋರಿ ಬೆರೆಸಿದ ಪುಡಿಗೆ ಬದಲಾದರೆ ಲೋಟ ಅಷ್ಟೇ ಇದ್ದರೂ ಒಳಗೆ ಹೋಗುವ ಕೆಫೀನ್ ತುಂಬಾ ಕಡಿಮೆಯಾಗಿರುತ್ತದೆ. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ದಿನಕ್ಕೆ ಒಂದೋ ಎರಡೋ, ಭಾನುವಾರವೂ ಅದೇ ಹೊತ್ತಿಗೆ. ಕಡಿಮೆ ಮಾಡುವುದಾದರೆ ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಮಾತ್ರೆ ಪಟ್ಟಿಯ ಹಿಂಬದಿ ಬರೆದಿರುವುದನ್ನು ಓದಿ.

ಬೇರೆಯವರ ಕ್ಯಾಲೆಂಡರ್ ಬೇರೆ ಹೇಳಬಹುದು. ತುಂಬಾ ಹೆಂಗಸರಿಗೆ ಮುಟ್ಟಿನ ಎರಡು ದಿನ ಮೊದಲು ಶುರು. ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ತಿಂಡಿ ಬಿಟ್ಟು, ಬಿಸಿಲಿನಲ್ಲಿ ನೀರು ಕುಡಿಯದೆ ಹಣ್ಣು ಕೊಯ್ಯುವವರಿಗೆ ಮಧ್ಯಾಹ್ನ ಶುರು. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಕೆಂಡ ಇಟ್ಟುಕೊಂಡಾಗ, ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಸ್ನಾನ ಮಾಡಿದಾಗ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆ ನೋಯುತ್ತಿದ್ದು, ಹೊರಗೆ ಬಂದರೆ ಕಡಿಮೆಯಾಗುತ್ತಿದ್ದರೆ ಅದು ಮೈಗ್ರೇನ್ ಅಲ್ಲ. ಅದು ಕಾರ್ಬನ್ ಮೊನಾಕ್ಸೈಡ್ ವಿಷ. ವಾಸನೆಯೇ ಇಲ್ಲದ ಅನಿಲ, ಜೀವ ತೆಗೆಯುತ್ತದೆ. ಕೆಂಡ ಹೊರಗಿಡಿ, ಕಿಟಕಿ ತೆಗೆಯಿರಿ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ.

ಕ್ಯಾಲೆಂಡರ್‌ಗೆ ಕಾಯಬಾರದ ತಲೆನೋವುಗಳೂ ಇವೆ. ಒಂದೇ ನಿಮಿಷದಲ್ಲಿ ಸಿಡಿಲು ಬಡಿದ ಹಾಗೆ ಬಂದರೆ. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲು ಆಗದಿದ್ದರೆ. ಕೈಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ. ಕಣ್ಣು ಕೆಂಪಾಗಿ ದೀಪದ ಸುತ್ತ ಬಳೆ ಕಂಡು ದೃಷ್ಟಿ ಮಂಜಾದರೆ. ಬಸುರಿ, ಬಾಣಂತಿಗೆ ಹೊಸದಾಗಿ ಜೋರು ತಲೆನೋವು ಬಂದರೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಬಂದರೆ. ವಯಸ್ಸಾದವರಲ್ಲಿ ಬಿದ್ದು ಎರಡು ಮೂರು ವಾರವಾದ ಮೇಲೂ ನಿಧಾನಕ್ಕೆ ರಕ್ತ ಕಟ್ಟಿ ತಲೆನೋವು ಬರಬಹುದು. ಇವಕ್ಕೆಲ್ಲ ತಡ ಮಾಡದೆ 108ಕ್ಕೆ ಫೋನ್ ಮಾಡಿ. 50 ವರ್ಷ ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ಬೇಗ ತೋರಿಸಬೇಕು. ಅದರಲ್ಲೂ ಅಗಿಯುವಾಗ ದವಡೆ ನೋಯುತ್ತಿದ್ದರೆ, ತಲೆ ಬಾಚಿದರೆ ನೋಯುತ್ತಿದ್ದರೆ ಅವತ್ತೇ.

ಮಲೆನಾಡಿನವರಿಗೆ ಇನ್ನೊಂದು ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾಡಿಗೆ ಸೌದೆಗೋ ದರಕಿಗೋ ಹೋಗಿ ಬಂದವರಿಗೆ ಬೇಸಿಗೆಯ ಹೊತ್ತಿನಲ್ಲಿ ದಿಢೀರ್ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆಯೂ ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಬರುವ ಕಾಯಿಲೆ ಇದು. ಡೆಂಗಿಯಲ್ಲೂ ಜ್ವರದ ಜೊತೆ ಜೋರು ತಲೆನೋವು ಬರುತ್ತದೆ. ಎರಡರಲ್ಲೂ ರಕ್ತಸ್ರಾವದ ಭಯವಿದೆ. ಆದ್ದರಿಂದ ಜ್ವರ ಇದ್ದಾಗ ಡಾಕ್ಟರ್ ಹೇಳದೆ ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಬೇಡಿ.

ಈಗ ನಿಮ್ಮ ಮುಂದಿನ ಹೆಜ್ಜೆ. ನಿಮ್ಮ "ಮ" 10, 15 ದಾಟಿದ್ದರೆ ಡಾಕ್ಟರ್‌ಗೆ ಮುಚ್ಚುಮರೆ ಇಲ್ಲದೆ ಹೇಳಿ. ಅವರ ಸಲಹೆಯಂತೆ ಮಾತ್ರೆ ನಿಲ್ಲಿಸಿದಾಗ ಮೊದಲ ವಾರ, ಹತ್ತು ದಿನ ನೋವು ಇನ್ನೂ ಜಾಸ್ತಿಯಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ತಡೆದುಕೊಳ್ಳಬಹುದು. ನನಗೆ ಗೊತ್ತಿರಲಿಲ್ಲ, ನಾಲ್ಕನೇ ದಿನ ಸೋತು ಮತ್ತೆ ನುಂಗಿದೆ. ಎರಡನೇ ಸಲ ಅಕ್ಕ ಬಂದು ಮನೆ ನೋಡಿಕೊಂಡಳು, ಆಗ ದಾಟಿದೆ. ನಿದ್ದೆ ಬರಿಸುವ ಔಷಧಿ ಅಥವಾ ಟ್ರಮಡಾಲ್‌ನಂಥ ಬಲವಾದ ನೋವಿನ ಔಷಧಿ ಇದ್ದರೆ ಮಾತ್ರ ನೀವೇ ಒಮ್ಮೆಲೇ ನಿಲ್ಲಿಸಬೇಡಿ.

ಇಷ್ಟು ಪದೇ ಪದೇ ಬರುವ ಮೈಗ್ರೇನ್‌ಗೆ ನೋವು ಬಾರದ ಹಾಗೆ ದಿನಾ ತೆಗೆದುಕೊಳ್ಳುವ ಔಷಧಿ ಬೇರೆಯೇ ಇದೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಇಂಥವು. ಒಂದು ಬಿಪಿಗೆ, ಇನ್ನೊಂದು ಖಿನ್ನತೆಗೆ ಅಂತ ಬಂದ ಔಷಧಿಗಳು. ಮೆಡಿಕಲ್ ಶಾಪಿನವರು "ಇದು ಡಿಪ್ರೆಶನ್ ಮಾತ್ರೆ" ಅಂದ ಕೂಡಲೇ ಹೆದರಿ ನಿಲ್ಲಿಸುವವರು ತುಂಬಾ ಜನ. ತಲೆನೋವಿಗೆ ಕೊಡುವುದು ಸಾಮಾನ್ಯವಾಗಿ ಕಡಿಮೆ ಪ್ರಮಾಣದಲ್ಲಿ. ಗುಣ ಕಾಣಲು ಆರೆಂಟು ವಾರ ಬೇಕು. ಆಸ್ತಮಾ ಇದ್ದರೆ, ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ, ಕೆಲವು ಔಷಧಿ ಆಗಬರುವುದಿಲ್ಲ. ಕಣ್ಣ ಮುಂದೆ ಮಿಂಚಿನ ಗೆರೆ ಕಂಡು ಆಮೇಲೆ ತಲೆನೋವು ಬರುವವರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮೊದಲು ಕೇಳಲೇಬೇಕು, ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಜಿಲ್ಲಾ ಆಸ್ಪತ್ರೆಯಲ್ಲೋ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೋ ಮೊದಲು ತೋರಿಸಿ. ಅಲ್ಲಿ ಬಗೆಹರಿಯದಿದ್ದರೆ ನಿಮ್ಹಾನ್ಸ್‌ಗೆ ಬರೆಸಿಕೊಳ್ಳಿ.

ಮನೆಯವರಿಗೆ ಇದನ್ನು ಓದಿ ಹೇಳಿ. ನೋವು ಬಂದ ದಿನ ಅವರು ಮಾಡಬೇಕಾದ್ದು ದೊಡ್ಡದೇನಲ್ಲ. ಕೋಣೆ ಕತ್ತಲೆ ಮಾಡಿ ಬಾಗಿಲು ಮುಂದೆ ಎಳೆಯುವುದು, ಒದ್ದೆ ಬಟ್ಟೆ ಕೊಡುವುದು, ಟಿವಿ ಸಣ್ಣಗೆ ಮಾಡುವುದು, ಒಗ್ಗರಣೆ ಹಾಕದೆ ಅವತ್ತು ಗಂಜಿಯಲ್ಲಿ ಮುಗಿಸುವುದು. ಅದರಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ನೀವು ಮಲಗಿದ ದಿನ ನಿಮ್ಮ ಬದಲು ಯಾರಾದರೂ ಕ್ಯಾಲೆಂಡರ್‌ನಲ್ಲಿ "ತ3" ಬರೆಯಬೇಕು. ತಿಂಗಳು ಮುಗಿದ ಮೇಲೆ ಆ ಹಾಳೆ ಹರಿದು ಒಲೆಗೆ ಹಾಕಬೇಡಿ. ಎರಡು ತಿಂಗಳ ಹಾಳೆ ಮಡಚಿ, ಸ್ಕ್ಯಾನ್ ಫಿಲಂ ಇಟ್ಟಿರುವ ಕವರಿನಲ್ಲೇ ಇಟ್ಟುಕೊಳ್ಳಿ. ಡಾಕ್ಟರ್ ಮುಂದೆ ಕೂತಾಗ ಮೊದಲು ಆ ಹಾಳೆಗಳನ್ನು ಕೊಡಿ, ಫಿಲಂ ಆಮೇಲೆ.